ಕಚ್ಚಿಸಿಕೊಳ್ಳುವ ಸರಿಯಾದ ಕ್ರಮ

ಕರ್ಕಿಯ ಬಡಗಣಿ ಹೊಳೆಯಲ್ಲಿ ಚೈತ್ರಮಾಸದಲ್ಲಿ ದೋಣಿ ಹತ್ತುವವರ ಬಳಕೆಗೆ. ಪರಿಷ್ಕೃತ ಆವೃತ್ತಿ.

ಮೊದಲು ಓದಿ

ಈ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಎರಡೇ ಪದ ಇದ್ದವು: ‘ಸಂಜೆ ಬೇಡ.’ ಅದನ್ನು ಬೆಂಗಳೂರಿನ ನಮ್ಮ ಭಾವನಿಗೆ ಫೋನಿನಲ್ಲೇ ಓದಿ ಹೇಳಿದ್ದೆ. ಭಾವ ‘ಹೂಂ’ ಅಂದ. ಯುಗಾದಿಯ ಮುನ್ನಾದಿನ ಅಕ್ಕನನ್ನೂ ಗಾಳಿ ತುಂಬುವ ಒಂದು ಕಯಾಕನ್ನೂ ಕಟ್ಟಿಕೊಂಡು ಬಂದಿಳಿದು, ಸಂಜೆ ಐದೂವರೆಗೆ ಸರಿಯಾಗಿ ಹೊಳೆಗೆ ಇಳಿದ. ಆರೂವರೆಗೆ ಅವನನ್ನು ದಡಕ್ಕೆ ಎಳೆದುಕೊಂಡಾಗ ಗಲ್ಲ, ಕಿವಿ, ಕುತ್ತಿಗೆ ಎಲ್ಲ ಒಂದೇ ಮಟ್ಟಕ್ಕೆ ಬಂದಿದ್ದವು. ಹೀಗಾಗಿ ಎರಡು ಪದ ಸಾಲದು ಎಂದು ತೀರ್ಮಾನಿಸಿ ಈ ಪರಿಷ್ಕೃತ ಆವೃತ್ತಿ.

ಸೂಚನೆಗಳನ್ನು ಬರೆದ ಕ್ರಮದಲ್ಲೇ ಪಾಲಿಸಬೇಕು. ಪಾಲಿಸಿದರೂ ಕಚ್ಚುತ್ತದೆ. ಪಾಲಿಸದಿದ್ದರೆ ಯಾಕೆ ಕಚ್ಚಿತು ಎಂದು ಗೊತ್ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಪೆಟ್ಟಿಗೆಯಲ್ಲಿ ಏನೇನಿದೆ

ನುಸಿ. ಇದೇ ಮುಖ್ಯ ಯಂತ್ರ, ಉಳಿದವೆಲ್ಲ ಬಿಡಿಭಾಗ. ಮಂಗಳೂರು ಕಡೆಯವರಿಗೆ ನುಸಿ ಎಂದರೆ ಸೊಳ್ಳೆಯೇ. ಇಲ್ಲಿ ಹೇಳುತ್ತಿರುವುದು ಅದಲ್ಲ. ಉಪ್ಪುನೀರಿನ ಕೆಸರಿನಲ್ಲಿ ಹುಟ್ಟಿ ಬೆಳೆಯುವ, ಒಂದರಿಂದ ಮೂರು ಮಿಲಿಮೀಟರ್ ಉದ್ದದ, ಕೈಮೇಲೆ ಕೂತರೆ ಮಸಿಯ ಚುಕ್ಕಿಯಂತೆ ಕಾಣುವ ಜೀವ. ಶಾಸ್ತ್ರದ ಪುಸ್ತಕದಲ್ಲಿ ಇದರ ಹೆಸರು ಕ್ಯುಲಿಕಾಯ್ಡಿಸ್. ಸಾಮಾನ್ಯ ಸೊಳ್ಳೆಪರದೆಯ ಕಣ್ಣು ಇದಕ್ಕೆ ಹೆಬ್ಬಾಗಿಲು. ನುಸಿ ನುಸುಳುತ್ತದೆ ಎಂಬುದು ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತೋ ಏನೋ.

ಸೊಳ್ಳೆ. ಇದರ ಪರಿಚಯ ಬೇಡ. ಸೊಳ್ಳೆಯಲ್ಲಿ ಒಂದು ಮರ್ಯಾದೆ ಇದೆ: ಕಿವಿಯ ಹತ್ತಿರ ಬಂದು ಭಾಗವತಿಕೆ ಮಾಡಿ, ಒಡ್ಡೋಲಗ ಮುಗಿಸಿ ಆಮೇಲೆ ರಂಗಕ್ಕೆ ಇಳಿಯುತ್ತದೆ. ನುಸಿಗೆ ಪದ್ಯವೂ ಇಲ್ಲ, ಪ್ರವೇಶವೂ ಇಲ್ಲ. ನೇರ ಯುದ್ಧ. ಅದೂ ಎಂಥ ಯುದ್ಧ! ಸೊಳ್ಳೆ ಸೂಜಿ ಚುಚ್ಚಿ ಹೀರುತ್ತದೆ, ನುಸಿ ಚರ್ಮವನ್ನು ಕತ್ತರಿಸಿ ಒಸರಿದ್ದನ್ನು ಕುಡಿಯುತ್ತದೆ. ಅದಕ್ಕೇ ಅಷ್ಟು ಚಿಕ್ಕ ಪ್ರಾಣಿಗೆ ಅಷ್ಟು ದೊಡ್ಡ ಉರಿ.

ಎರಡರಲ್ಲೂ ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಬಲಿಯಲು ರಕ್ತದ ಸಾರ ಬೇಕು. ಗಂಡು ಹೂವಿನ ರಸ ಕುಡಿದು ಸುಮ್ಮನೆ ಹಾರಾಡಿಕೊಂಡಿರುತ್ತದೆ. ಇದನ್ನು ಭಾವ ಅಕ್ಕನ ಎದುರು ವಿವರಿಸಲು ಹೋದ, ಅರ್ಧಕ್ಕೇ ನಿಲ್ಲಿಸಿದ.

ನುಸಿಯ ದಾಯಾದಿಗಳ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಅದೇ ಕುಲದ ಇನ್ನೊಂದು ಕವಲು ಕೋಕೋ ಹೂವಿಗೆ ಪರಾಗಸ್ಪರ್ಶ ಮಾಡುತ್ತದೆ. ಆ ಹೂವಿನ ರಚನೆ ಎಷ್ಟು ಇಕ್ಕಟ್ಟು ಎಂದರೆ ಜೇನಿಗೆ ಅಲ್ಲಿ ಕೆಲಸವಿಲ್ಲ, ನುಸಿಯ ಗಾತ್ರದವರೇ ಆಗಬೇಕು. ಅಡಿಕೆ ತೋಟದ ನಡುವೆ ಕೋಕೋ ಬೆಳೆದು, 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೋ ಕಾರ್ಖಾನೆ ಚಾಕೊಲೇಟ್ ಮಾಡುತ್ತಿರುವುದರ ಹಿಂದೆ ಈ ಬಳಗದ ದುಡಿಮೆಯೂ ಇದೆ. ಕಚ್ಚಿಸಿಕೊಳ್ಳುತ್ತಿರುವಾಗ ಇದನ್ನು ನೆನೆದರೆ ಸಮಾಧಾನ ಆಗುತ್ತದೆಯೇ ಎಂದು ಪರೀಕ್ಷಿಸಲಾಗಿದೆ. ಆಗುವುದಿಲ್ಲ.

ದನದ ನೊಣ. ಹಗಲಿನ ಪಾಳಿ ಇದರದ್ದು. ತೆಳ್ಳಗಿನ ಅಂಗಿಯ ಮೇಲಿಂದಲೇ ಕಚ್ಚುತ್ತದೆ. ಕಪ್ಪಾಗಿ ಹೊಳೆಯುವ ವಸ್ತು ಕಂಡರೆ ಇದಕ್ಕೆ ಪ್ರೀತಿ, ಆದ್ದರಿಂದ ಕಪ್ಪು ಕಯಾಕ್, ಕಪ್ಪು ಟೀ ಶರ್ಟ್ ಎರಡೂ ನಿಷಿದ್ಧ. ಜಪಾನಿನಲ್ಲಿ ಕರಿಯ ಹಸುಗಳ ಮೈಗೆ ಬಿಳಿ ಪಟ್ಟಿ ಬಳಿದು ಜೀಬ್ರಾದಂತೆ ಮಾಡಿ ನೋಡಿದರು. ಮೈಮೇಲೆ ಕೂರುವ ಕಚ್ಚುನೊಣಗಳು ಅರ್ಧಕ್ಕೆ ಇಳಿದವು ಎಂದು 2019ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ದೀಪಾವಳಿಯ ಗೋಪೂಜೆಗೆ ದನದ ಮೈತುಂಬ ಶೇಡಿ, ಕೆಮ್ಮಣ್ಣಿನ ಉಂಗುರ ಒತ್ತುವ ಪದ್ಧತಿ ಎಷ್ಟೋ ಕಾಲದಿಂದ ಇದೆ. ಪಟ್ಟಿ ಎಳೆಯದೆ ಉಂಗುರ ಒತ್ತಿದೆವು. ವಿಜ್ಞಾನ ಅಷ್ಟರಲ್ಲಿ ತಪ್ಪಿಹೋಯಿತು.

ಚಿಗಳಿ. ಹಾರುವುದಿಲ್ಲ, ಬೀಳುತ್ತದೆ. ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆಗಳನ್ನು ಹೊಲಿದು ಗೂಡು ಕಟ್ಟಿಕೊಂಡಿರುವ ಕೆಂಪಿರುವೆ ಇದು. ಕೊಂಬೆ ತಾಗಿದರೆ ಗೂಡಿನ ಸಕಲ ಪ್ರಜೆಗಳೂ ದೋಣಿಗೆ ವಲಸೆ ಬರುತ್ತಾರೆ. ಇವುಗಳ ಚಟ್ನಿ ಮಾಡುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ, ಹುಳಿಹುಳಿಯಾಗಿ ಚೆನ್ನಾಗಿರುತ್ತದಂತೆ. ದೋಣಿಯಲ್ಲಿ ಮಾತ್ರ ಊಟಕ್ಕೆ ಕೂರುವವರು ಅವು.

ಜೋಡಣೆ

ಭಾವನ ಚೀಲದಲ್ಲಿ ಇದ್ದದ್ದನ್ನು ಒಂದೊಂದಾಗಿ ಪರಿಶೀಲಿಸೋಣ.

ಬ್ಯಾಟರಿ ಸೊಳ್ಳೆ ಬ್ಯಾಟು. ಗಾಳಿ ತುಂಬಿದ ರಬ್ಬರಿನ ದೋಣಿಯಲ್ಲಿ, ಸುತ್ತ ಉಪ್ಪುನೀರು ಇಟ್ಟುಕೊಂಡು, ಕಿಡಿ ಹಾರಿಸುವ ಬ್ಯಾಟು ಬೀಸುವುದನ್ನು ನಾನು ಕಣ್ಣಾರೆ ಕಂಡೆ. ಪಾವಿನಕುರ್ವೆಯ ದಡದಲ್ಲಿ ಬಲೆ ಒಣಗಿಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ನುಸಿ ಬ್ಯಾಟಿನ ಜಾಲರಿಯ ಒಳಗಿಂದಲೇ ಹಾದು ಹೋಯಿತು.

ಮೊಬೈಲಿನಲ್ಲಿ ಸೊಳ್ಳೆ ಓಡಿಸುವ ಸದ್ದು. ಇದು ಮನುಷ್ಯರ ಕಿವಿಗೆ ಕೇಳುವುದಿಲ್ಲ ಎನ್ನುತ್ತಾರೆ. ಸೊಳ್ಳೆಯೂ ಕೇಳಿಸಿಕೊಳ್ಳುವುದಿಲ್ಲ. ಹತ್ತು ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2007ರ ಪರಾಮರ್ಶೆಯೊಂದು ಇಂಥ ಸಾಧನಗಳಿಂದ ಕಿಂಚಿತ್ತೂ ಪ್ರಯೋಜನವಿಲ್ಲ ಎಂದು ಷರಾ ಬರೆದಿದೆ.

ಬಿಯರು ಎರಡು. ಹೊಳೆಯಲ್ಲಿ ಕುಡಿದು ಹುಟ್ಟು ಹಾಕಬಾರದು ಎಂಬುದು ಒಂದು. ಬುರ್ಕಿನಾ ಫಾಸೊ ದೇಶದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಯರು ಕುಡಿದವರ ಕಡೆಗೆ ಸೊಳ್ಳೆಗಳು ಹೆಚ್ಚು ಹೋದವು, ಬರೀ ನೀರು ಕುಡಿದವರ ಕಡೆಗೆ ಹಾಗೆ ಹೋಗಲಿಲ್ಲ ಎಂಬುದು ಎರಡು. ಬಾಟಲಿ ಬಾವಿಗೆ ಇಳಿಬಿಟ್ಟು ತಣ್ಣಗಿರಲಿ ಎಂದೆ. ಎರಡು ದಿನ ತಣ್ಣಗೇ ಇತ್ತು.

ಅಮೆರಿಕದಿಂದ ಬಂದ ಡೀಟ್ ದ್ರಾವಣ. ಇದು ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ರಾಸಾಯನಿಕ 1957ರಲ್ಲಿ ಜನಸಾಮಾನ್ಯರ ಕೈಗೆ ಬಂತು. ಹುಳವನ್ನು ಕೊಲ್ಲುವುದಿಲ್ಲ, ನಮ್ಮ ಮೈಯ ಗುರುತು ಸಿಗದಂತೆ ಗೊಂದಲ ಮಾಡುತ್ತದೆ. ಆದರೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುವ ಗುಣವೂ ಇದಕ್ಕೆ ಇದೆ. ಬಳಿದ ಕೈಯಲ್ಲೇ ಭಾವ ತಂಪುಕನ್ನಡಕ ಸರಿಮಾಡಿಕೊಂಡ. ಕನ್ನಡಕದ ಪ್ಲಾಸ್ಟಿಕ್ಕಿನ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಈಗಲೂ ಇದೆ, ಭೂ ದಾಖಲೆಗೆ ಸಾಕು. ಮುಖಕ್ಕೆ ಬಿಸಿಲಿನ ಕ್ರೀಮು ಹಚ್ಚುವುದಿದ್ದರೆ ಮೊದಲು ಅದು, ಅದು ಒಣಗಿದ ಮೇಲೆ ಇದು. ತಿರುಗಾಮುರುಗಾ ಮಾಡಬೇಡಿ.

ಓಡೋಮೋಸು ಕೂಡ ಆದೀತು, ಬೆವರಿಗೆ ತೊಳೆದುಹೋದ ಹಾಗೆ ಮತ್ತೆ ಹಚ್ಚಬೇಕು. ಕೊಬ್ಬರಿ ಎಣ್ಣೆಯನ್ನು ದಪ್ಪವಾಗಿ ಬಳಿದುಕೊಂಡರೆ ನುಸಿ ಅದರಲ್ಲೇ ಅಂಟಿ ಸಾಯುತ್ತದೆ. ಅರ್ಧ ಗಂಟೆಯ ಬಳಿಕ ಕೈ ಎಳ್ಳುಂಡೆಯಂತೆ ಕಾಣುತ್ತದೆ, ಹೆದರಬೇಡಿ. ಹುಟ್ಟು ಜಾರುತ್ತದೆ, ಅದಕ್ಕೆ ಹೆದರಿ.

ಇಷ್ಟರ ಮೇಲೆ ನಿಜವಾಗಿ ಬೇಕಾದದ್ದು: ತುಂಬುತೋಳಿನ ತಿಳಿಬಣ್ಣದ ದಪ್ಪ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ತಲೆಗೆ ಒಂದು ಪಂಚೆ, ಮೇಲೆ ಲೈಫ್ ಜಾಕೆಟ್. ನೋಡಲು ಚೆನ್ನಾಗಿರುವುದಿಲ್ಲ. ಫೋಟೋಕ್ಕೆ ಬೇರೆ ಅಂಗಿ ತನ್ನಿ.

ಚಾಲನೆ

ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಸುತ್ತ ನಮ್ಮಂತೆಯೇ ಕಾಂಡ್ಲಾವನ, ನಮ್ಮಂತೆಯೇ ಕೆಸರು, ನಮ್ಮಂತೆಯೇ ನುಸಿ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತಿಯ ಆಸುಪಾಸಿನಲ್ಲಿ ಅದು ಹೆಚ್ಚೆದ್ದು ಕಾಡುತ್ತದೆ ಎಂದು ಕಂಡುಕೊಂಡ ಅಲ್ಲಿನ ಸರ್ಕಾರ ಯಾವ ದಿನಗಳಲ್ಲಿ ಕಾಟ ಹೆಚ್ಚು ಎಂದು ಕ್ಯಾಲೆಂಡರನ್ನೇ ಹೊರಡಿಸುತ್ತದೆ. ನಮ್ಮಲ್ಲಿ ಬಗ್ಗೋಣ ಪಂಚಾಂಗ ಇದೆ. ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಎಲ್ಲ ಇದೆ. ನುಸಿಕಾಲ ಇಲ್ಲ. ಆ ಕೊರತೆಯನ್ನು ತುಂಬುವುದೇ ಈ ಅಧ್ಯಾಯದ ಉದ್ದೇಶ.

ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯಂದು ಮಧ್ಯಾಹ್ನದ ಹೊತ್ತಿಗೆ ಹೊಳೆ ತುಂಬುತ್ತದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಅಂದರೆ ಅಮಾವಾಸ್ಯೆಯ ಸಂಜೆ ಐದರ ಸುಮಾರಿಗೆ ಬಡಗಣಿಯ ಎರಡೂ ಬದಿಯ ಕೆಸರು ಬೆತ್ತಲಾಗಿ ಬಿದ್ದಿರುತ್ತದೆ. ನುಸಿಯ ತೊಟ್ಟಿಲು ಅದೇ.

ಇದು ನೀರಿನ ಲೆಕ್ಕ. ಗಾಳಿಯ ಲೆಕ್ಕ ಬೇರೆ. ಚೈತ್ರದಲ್ಲಿ ಬೆಳಗ್ಗೆ ಬಿಸಿಲೇರಿದ ಮೇಲೆ ನೆಲ ಕಾದು ಕಡಲಗಾಳಿ ಒಳಗೆ ನುಗ್ಗುತ್ತದೆ. ಮಧ್ಯಾಹ್ನ ತೆಂಗಿನ ಗರಿ ಎಲ್ಲ ಮೂಡಲಕ್ಕೆ ಮುಖ ಮಾಡಿರುತ್ತವೆ. ರಾತ್ರಿ ನೆಲ ತಣಿದ ಮೇಲೆ ಘಟ್ಟದ ಕಡೆಯ ಗಾಳಿ ಕಡಲಿಗೆ ಇಳಿಯುತ್ತದೆ. ಒಂದು ನಿಂತು ಇನ್ನೊಂದು ಶುರುವಾಗುವ ನಡುವೆ, ಸೂರ್ಯ ಮುಳುಗುವ ಹೊತ್ತಿಗೆ, ಒಂದು ಗಳಿಗೆ ಎಲೆ ಅಲ್ಲಾಡುವುದಿಲ್ಲ. ನೀರು ಕನ್ನಡಿ. ಕುರ್ವೆಯ ತೆಂಗಿನಮರ ತಲೆಕೆಳಗಾಗಿ ಕಾಣುತ್ತದೆ. ಕ್ಯಾಮರಾ ಹಿಡಿದವರು ‘ಆಹಾ’ ಎನ್ನುವುದೂ ಅದೇ ಗಳಿಗೆಯಲ್ಲಿ, ಬಾಯಿ ತೆರೆದಿರುತ್ತದೆ. ಅಷ್ಟು ಹಗುರಾದ ನುಸಿ ಸಣ್ಣ ಗಾಳಿಯಲ್ಲೂ ಹಾರಲಾರದು, ನಿಂತ ಗಾಳಿಗಾಗಿಯೇ ಅದು ದಿನವಿಡೀ ಎಲೆಯಡಿ ಕಾದಿರುತ್ತದೆ. ನಿಮಗೆ ಚೆಂದ ಕಾಣುವ ಹೊತ್ತೂ ಅದಕ್ಕೆ ಹಸಿವಾಗುವ ಹೊತ್ತೂ ಒಂದೇ ಆಗಿರುವುದಕ್ಕೆ ಪ್ರವಾಸೋದ್ಯಮದಲ್ಲಿ ಇನ್ನೂ ಪರಿಹಾರ ಕಂಡುಹಿಡಿದಿಲ್ಲ.

ಈ ಎರಡೂ ಲೆಕ್ಕವನ್ನು ನಾನು ಪುಸ್ತಕದಿಂದ ಕಲಿತೆನೆಂದು ಭಾವ ತಿಳಿದಿದ್ದಾನೆ. ಕಲಿತದ್ದು ನಮ್ಮ ಹಿತ್ತಿಲಾಚೆಯ ದೋಣಿ ಅಜ್ಜನಿಂದ. ಅವನ ಪಾತಿ ದೋಣಿ ನನ್ನ ವಯಸ್ಸಿಗಿಂತ ಹಳೆಯದು. ಅಂಗಿ ಹಾಕಿದ್ದನ್ನು ನಾನು ಮದುವೆಮನೆಯಲ್ಲಿ ಬಿಟ್ಟರೆ ನೋಡಿಲ್ಲ. ಅಜ್ಜನಿಗೆ ನುಸಿ ಕಚ್ಚುವುದಿಲ್ಲ, ಚರ್ಮ ದಪ್ಪ ಎಂದು ಊರಲ್ಲಿ ಮಾತು. ನಾನೂ ನಂಬಿದ್ದೆ. ಒಂದು ವಾರ ಅವನು ಹೋಗಿ ಬರುವ ಹೊತ್ತನ್ನು ಬರೆದಿಟ್ಟೆ. ಮೇಲಕ್ಕೆ ಹೋಗುವಾಗ ಭರತಿಯ ಜೊತೆ, ಕೆಳಕ್ಕೆ ಬರುವಾಗ ಇಳಿತದ ಜೊತೆ, ಯಾವಾಗಲೂ ನಡುಹೊಳೆ, ಮಬ್ಬಾಗುವ ಮೊದಲೇ ದೋಣಿ ದಡದಲ್ಲಿ ಕವುಚಿ ಬಿದ್ದಿರುತ್ತಿತ್ತು. ದಡಕ್ಕೆ ತಾಗಿ ನಿಂತ ಗಾಳಿಯಲ್ಲಿ ಅವನು ಇರುವುದೇ ಇಲ್ಲ. ಚರ್ಮ ನಮ್ಮದರಷ್ಟೇ ತೆಳ್ಳಗಿದೆ.

ಭಾವ ಮೊದಲ ದಿನ ಹೊಳೆಗೆ ಇಳಿಯುವಾಗ ಅಜ್ಜ ದಡದಲ್ಲೇ ಕೂತಿದ್ದ. ‘ಗಾಳಿ ಬಿದ್ದೋಯ್ತಲ್ಲ ತಮಾ, ಈಗ ಎಂತಕ್ಕೆ ಹೊರಟ್ರಿ?’ ಎಂದ. ಗಾಳಿ ಬಿದ್ದರೆ ಹುಟ್ಟು ಹಾಕಲು ಸಲೀಸಲ್ಲವೇ ಎಂದು ಭಾವ ಕೇಳಿದ. ಅಜ್ಜ ಕವಳ ತುಪ್ಪಿ ‘ಸಲೀಸು ಹೌದು’ ಎಂದ. ಸುಳ್ಳೇನೂ ಹೇಳಲಿಲ್ಲ.

ಎರಡು ಕೈಗಳ ಸಮಸ್ಯೆ

ಹುಟ್ಟು ಹಾಕುವವನ ಎರಡೂ ಕೈಗೆ ಕೆಲಸವಿದೆ. ಈ ಸ್ಥಿತಿಯಲ್ಲಿ ಮೂಗಿನ ತುದಿಗೆ ನುಸಿ ಕೂತರೆ ಏನು ಮಾಡಬೇಕು ಎಂಬುದು ಬಳಕೆದಾರರು ಪದೇಪದೇ ಕೇಳುವ ಪ್ರಶ್ನೆ.

ಕರ್ಕಿಯಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರ ಇದೆ. ಹಾಸ್ಯಗಾರ ಮನೆತನದ ಯಕ್ಷಗಾನದ ಊರು ಇದು. ಬಯಲಾಟದ ರಾತ್ರಿ ಕಿರೀಟ ಕಟ್ಟಿ, ಗೆಜ್ಜೆ ಬಿಗಿದು, ಎದೆಪದಕ ಹೊತ್ತು ರಂಗದ ಮೇಲೆ ಕೂತ ರಾಜನಿಗೆ ಮೂಗು ತುರಿಸುವ ಅಧಿಕಾರ ಇಲ್ಲ. ಎದುರಿನವರ ಅರ್ಥ ಮುಗಿಯುವವರೆಗೆ ಸಹಿಸಬೇಕು. ಮುಖದ ಬಣ್ಣ ಸ್ವಲ್ಪ ಕಾಪಾಡುತ್ತದೆ, ಬಣ್ಣ ಇಲ್ಲದ ಕಿವಿಯ ಹಿಂದೆ ಮತ್ತು ಕತ್ತಿನ ಮೇಲೆ ಯುದ್ಧ ಬೇರೆಯೇ ನಡೆದಿರುತ್ತದೆ. ವೀರಾವೇಶದ ಕುಣಿತದ ನಡುವೆ ಕಲಾವಿದ ಹಠಾತ್ತನೆ ತಲೆ ಕೊಡವಿದ್ದನ್ನು ನಾನು ಚಿಕ್ಕಂದಿನಲ್ಲಿ ಕಲೆ ಎಂದುಕೊಂಡಿದ್ದೆ. ಈಗ ಅನುಮಾನ.

ಹೀಗೆ ತಲೆ ಕೊಡವಬಹುದು, ಊದಬಹುದು, ಹುಟ್ಟಿನ ತುದಿಯಿಂದ ಮುಖಕ್ಕೆ ನೀರು ಚಿಮುಕಿಸಬಹುದು. ಎದ್ದು ನಿಲ್ಲಬಾರದು. ಎದ್ದು ನಿಂತು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆಯುತ್ತ ನುಸಿ ಹಿಡಿಯಲು ಹೋದವರನ್ನು ಹೊಳೆ ಹಿಡಿಯುತ್ತದೆ. ಬೀಸಿಕೊಳ್ಳಲು ಕಾಂಡ್ಲಾದ ನಡುವಿನಿಂದ ಸೊಪ್ಪು ಮುರಿಯಲೂ ಬಾರದು. ಅಲ್ಲಿ ಬೆಳೆಯುವ ಒಂದು ಮರದ ಹಾಲು ಕಣ್ಣಿಗೆ ಸಿಡಿದರೆ ನುಸಿಯೇ ವಾಸಿ ಅನಿಸುತ್ತದೆ. ಮುರಿದದ್ದು ಯಾವ ಕೊಂಬೆ, ಅದರಲ್ಲಿ ಚಿಗಳಿಯ ಸಂಸಾರ ಎಷ್ಟು ಎಂಬುದೂ ಮೊದಲೇ ತಿಳಿಯುವುದಿಲ್ಲ.

ನಗದೆ ಓದಬೇಕಾದ ಪುಟ

ಕಯಾಕನ್ನು ಶರಾವತಿಗೆ ಒಯ್ದು, ಗೇರುಸೊಪ್ಪೆಯ ಕಡೆ ಮೇಲೇರಿ, ಕಾಡಿನಂಚಿನಲ್ಲಿ ಇಳಿದು ಊಟ ಮಾಡುವ ಯೋಜನೆ ಇದ್ದವರಿಗೆ ಇದು. ಅಲ್ಲಿ ಕಚ್ಚುವುದು ಉಣುಗು. ಅದು ಕೀಟವೂ ಅಲ್ಲ, ಎಂಟು ಕಾಲಿನ ಜೇಡದ ಬಳಗ. ಡೀಟ್ ಅಂಗಡಿಗೆ ಬಂದ ಅದೇ 1957ರಲ್ಲಿ ಇತ್ತ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಜನಕ್ಕೆ ಜ್ವರ ಬಂದು, ಮಂಗನ ಕಾಯಿಲೆ ಎಂಬುದು ಬೆಳಕಿಗೆ ಬಂತು. ಅದು ಘಟ್ಟದಲ್ಲೇ ಉಳಿಯಲಿಲ್ಲ. ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಕಾಡಂಚಿನ ಊರುಗಳೂ ಅದನ್ನು ಕಂಡಿವೆ. ಅದರ ಋತು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ನಮ್ಮ ವಿಹಾರದ ಋತು. ಎಳೆಯ ಉಣುಗು ಎಷ್ಟು ಸಣ್ಣದೆಂದರೆ ಕಚ್ಚಿದ್ದು ಕಣ್ಣಿಗೆ ಬೀಳದೆ ಹೋಗಬಹುದು.

ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಮಂಗ ಸತ್ತ ಸುದ್ದಿ ಇದ್ದ ಜಾಗಕ್ಕೆ ಹೋಗಲೇಬೇಡಿ. ಆರೋಗ್ಯ ಕಾರ್ಯಕರ್ತೆಯರು ಹಂಚುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು, ಕಂಕುಳು ಮತ್ತು ತೊಡೆಸಂದಿಯ ತಪಾಸಣೆ. ಕಚ್ಚಿ ಹಿಡಿದಿದ್ದರೆ ಚಿಮ್ಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು. ಬೀಡಿ ತಾಗಿಸುವ, ಸೀಮೆಎಣ್ಣೆ ಬಿಡುವ ಹಳೆಯ ವಿದ್ಯೆ ಬೇಡ. ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂಬುದನ್ನು ಬಾಯಿಬಿಟ್ಟು ಹೇಳಿ.

ತೊಂದರೆ ನಿವಾರಣೆ

ಕಚ್ಚಿದ್ದು ಗೊತ್ತಾಗಲಿಲ್ಲ, ಈಗ ತುರಿಸುತ್ತಿದೆ: ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ. ತುರಿಕೆ ಬರುವುದು ಅದರ ಜೊಲ್ಲಿಗೆ ನಿಮ್ಮ ಮೈ ತೋರುವ ಸಿಟ್ಟಿನಿಂದ. ಸಿಟ್ಟು ನಿಮ್ಮದೇ.

ಹೊಗೆ ಹಾಕಬಹುದೇ: ದಡದಲ್ಲಿ ಹಾಕಬಹುದು. ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಹಸಿ ಲಕ್ಕಿ ಸೊಪ್ಪು. ಕೊಟ್ಟಿಗೆಗೆ ಹಾಕುವುದೂ ಇದನ್ನೇ. ದನ ಕೆಮ್ಮುವುದಿಲ್ಲ, ಬೆಂಗಳೂರಿನವರು ಕೆಮ್ಮುತ್ತಾರೆ. ರಬ್ಬರಿನ ದೋಣಿಯೊಳಗೆ ಕೆಂಡ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದು ಯಾರೆಂದು ಹೇಳುವುದಿಲ್ಲ.

ಬೆಳ್ಳುಳ್ಳಿ ತಿಂದರೆ: ಜೊತೆಗಿದ್ದವರು ದೂರ ಹೋಗುತ್ತಾರೆ. ನುಸಿಗೆ ಪಾಲುದಾರರು ಕಡಿಮೆಯಾಗಿ ನೀವೊಬ್ಬರೇ ಉಳಿಯುತ್ತೀರಿ.

ಜೊತೆಯವರಿಗೆ ಕಚ್ಚುತ್ತಿಲ್ಲ, ನನಗೆ ಮಾತ್ರ: ಉಸಿರು, ಬೆವರು, ಮೈಯ ಬಿಸಿ ಒಬ್ಬೊಬ್ಬರದು ಒಂದೊಂದು ಥರ. ಒಂದೇ ದೋಣಿಯಲ್ಲಿ ಅಂಥವರೊಬ್ಬರು ಇದ್ದರೆ ಉಳಿದವರಿಗೆ ಅನುಕೂಲ. ಅವರನ್ನು ಚೆನ್ನಾಗಿ ನೋಡಿಕೊಳ್ಳಿ, ಮುಂದಿನ ಸಲವೂ ಕರೆಯಿರಿ.

ಖಾತರಿ ಮತ್ತು ಸೇವೆ

ಖಾತರಿ ಇಲ್ಲ. ಸೇವೆ ನಮ್ಮ ಜಗಲಿಯಲ್ಲಿ ಲಭ್ಯ.

ಆ ಸಂಜೆ ಭಾವನನ್ನು ಅಲ್ಲೇ ಕೂರಿಸಿದೆವು. ಅಮ್ಮ ಕವಳದ ಹರಿವಾಣ ತಂದಳು. ನಮ್ಮಲ್ಲಿ ಏನು ಕಚ್ಚಿದರೂ ಮೊದಲ ಔಷಧ ಅದರಲ್ಲಿರುವ ಸುಣ್ಣ. ಅದೂ ಹೊಳೆಯ ಕೆಸರಿನಿಂದ ಬಳಿದು ತಂದ ಚಿಪ್ಪನ್ನು ಸುಟ್ಟು ಮಾಡಿದ್ದು. ಕಚ್ಚಿದ್ದನ್ನೂ ಕೆಸರೇ ಕಳಿಸಿತು, ಹಚ್ಚುವುದನ್ನೂ ಕೆಸರೇ ಕಳಿಸಿತು. ಸೂಜಿಮೊನೆಯಷ್ಟು ಸಾಕು, ಹೆಚ್ಚಾದರೆ ಚರ್ಮ ಸುಡುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅಕ್ಕ ಆಗಲೇ ಬೆರಳು ಅದ್ದಿ ಕೆಲಸ ಶುರುಮಾಡಿದ್ದಳು, ಧಾರಾಳವಾಗಿ. ಎರಡೂ ತೋಳು, ಕತ್ತು, ಹಣೆ, ಕಿವಿಯ ಹಾಲೆ, ಎಲ್ಲ ಕಡೆ ಬಿಳಿ ಬೊಟ್ಟು. ಮುಗಿದಾಗ ಭಾವ ಗೋಪೂಜೆಯ ದಿನ ಕೊಟ್ಟಿಗೆಯಿಂದ ಹೊರಟ ಗೌರಿಯ ಹಾಗೆ ಕಂಡ. ಕುತ್ತಿಗೆಗೆ ಅಡಿಕೆ ಸರ ಒಂದು ಕಮ್ಮಿ.

ಅಪ್ಪೆಮಿಡಿಯ ಕಾಲ. ಒಂದು ಚೊಂಬು ಅಪ್ಪೆಹುಳಿ ಕುಡಿದ ಮೇಲೆ ಭಾವನಿಗೆ ಮಾತು ಬಂತು. ನಾಳೆ ಹೋಗುವುದಾದರೆ ಎಷ್ಟು ಹೊತ್ತಿಗೆ ಎಂದು ಕೇಳಿದ. ನಾನು ಪಂಚಾಂಗ ತೆಗೆದು ತಿಥಿ ನೋಡಿ, ಬೆರಳು ಎಣಿಸಿ, 50 ನಿಮಿಷ ಕೂಡಿಸಿ ಉತ್ತರ ಹೇಳುವಷ್ಟರಲ್ಲಿ ಅಂಗಳದ ಕತ್ತಲೆಯಿಂದ ದೋಣಿ ಅಜ್ಜನ ದನಿ ಬಂತು. ಬಲೆ ಹೆಗಲ ಮೇಲಿತ್ತು.

‘ಹನ್ನೆರಡಕ್ಕೆ ಭರತಿ. ಹತ್ತಕ್ಕೆ ಬಾ ತಮಾ, ನನ್ನ ಪಾತಿಲೇ ಹೋಪ. ಆ ಬ್ಯಾಟು ಮನೇಲೇ ಇಟ್ಟು ಬಾ.’